ಜಗಳೂರಿಗೆ ಹೋದರೆ ಮೊಂಡಾಗುತ್ತಿದ್ದ ಸೌಂಡು

1982ರಲ್ಲಿ ನಾನು ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಕೆಲಸ ಕಲಿತದ್ದು ಚನ್ನಗಿರಿಯಲ್ಲಿ, ಹಳೆಯ ವಾಲ್ವ್ ರೇಡಿಯೋ ಮೆಕ್ಯಾನಿಕ್ ಒಬ್ಬರ ಕೈಕೆಳಗೆ. ಅಂಗಡಿ ಇದ್ದದ್ದು ಹೊನ್ನಾಳಿಯಲ್ಲಾದರೂ ನಾನು ಅದರೊಳಗೆ ಕೂತದ್ದು ಕಡಿಮೆ. ವಾರಕ್ಕೊಂದು ದಿನ ನ್ಯಾಮತಿ, ಇನ್ನೊಂದು ದಿನ ಚನ್ನಗಿರಿ, ನಡುವೆ ಯಾವ ಹಳ್ಳಿಯಿಂದ ಕರೆ ಬಂದರೂ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದೆ. ನಿಂತಲ್ಲಿ ನಿಲ್ಲುವ ಜಾಯಮಾನವೇ ನನ್ನದಲ್ಲ. ಒಂದು ಸೆಟ್ಟಿನ ದೋಷ ಸಿಗಲಿಲ್ಲವೆಂದರೆ ಊಟ ರುಚಿಸುತ್ತಿರಲಿಲ್ಲ, ಎದುರಿಗೆ ಸಿಕ್ಕವರ ಮೇಲೆಲ್ಲ ಹರಿಹಾಯುತ್ತಿದ್ದೆ. "ಇವತ್ತು ಯಾವ್ದೋ ಪೆಟ್ಟಿಗೆ ಬಾಯಿ ಬಿಟ್ಟಿಲ್ಲ, ಯಾರೂ ಇವರ ಹತ್ರ ಹೋಗ್ಬ್ಯಾಡ್ರಿ" ಎಂದು ನನ್ನ ಹೆಂಡತಿ ಮನೆಯವರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದಳು.

ಆಗ ಮನೆಗಳಲ್ಲಿ ಹಾಡು ಕೇಳುವ ರೀತಿ ಬದಲಾಗುತ್ತಿತ್ತು. ಕೈಯಲ್ಲಿ ಸ್ವಲ್ಪ ದುಡ್ಡಾಡುವವರು ವಾಲ್ವ್ ರೇಡಿಯೋವನ್ನು ಅಟ್ಟಕ್ಕೆ ಹಾಕಿ ಸ್ಟೀರಿಯೋ ಕೊಳ್ಳತೊಡಗಿದ್ದರು. ಅದರಲ್ಲಿ ಎರಡು ಬಗೆ. ರಿಸೀವರ್ ಎಂದರೆ ರೇಡಿಯೋ ಮತ್ತು ಸೌಂಡು ಹೆಚ್ಚಿಸುವ ಭಾಗ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು. ಆಂಪ್ಲಿಫೈಯರ್ ಎಂದರೆ ಸೌಂಡು ಹೆಚ್ಚಿಸುವುದಷ್ಟೇ ಅದರ ಕೆಲಸ. ಕ್ಯಾಸೆಟ್ ಪ್ಲೇಯರನ್ನೋ ರೇಡಿಯೋವನ್ನೋ ಬೇರೆ ತಂದು ಅದಕ್ಕೆ ಜೋಡಿಸಬೇಕು. ಎರಡರಲ್ಲಿ ಯಾವುದರ ಸೌಂಡು ಚೆನ್ನ ಎಂಬ ವಾದ ಟೀ ಅಂಗಡಿಗಳಲ್ಲೂ ನಡೆಯುತ್ತಿತ್ತು. ಹೋಲಿಸುವುದಾದರೆ ಒಂದೇ ಕ್ಯಾಸೆಟ್ಟು, ಒಂದೇ ಸ್ಪೀಕರು, ಒಂದೇ ವಾಲ್ಯೂಮ್ ಇರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಎರಡು ಸೆಟ್ಟುಗಳಲ್ಲಿ ಯಾವುದು ತುಸು ಜೋರಾಗಿರುತ್ತದೋ ಅದೇ ಚೆನ್ನಾಗಿದೆ ಅಂತ ಮನುಷ್ಯರಿಗೆ ಅನ್ನಿಸುತ್ತದೆ. ಮಾರುವವರಿಗೆ ಈ ಗುಟ್ಟು ಗೊತ್ತು, ಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ನನ್ನ ಪಕ್ಕದ ಅಂಗಡಿಯ ದರ್ಜಿಯ ಮಾವ ಹಯಾತ್ ಸಾಬರು. ಜಗಳೂರಿನ ಒಂದು ಶೇಂಗಾ ಮಿಲ್ಲಿನಲ್ಲಿ ಎಂಜಿನ್ ಮೇಸ್ತ್ರಿ. ಅವರ ಕಿವಿಯ ಬಗ್ಗೆ ಅಳಿಯ ಹೇಳುತ್ತಿದ್ದ ಕತೆಗಳನ್ನು ನಾನು ಮೊದಲು ನಂಬಿರಲಿಲ್ಲ. ಓಡುತ್ತಿರುವ ಯಂತ್ರದ ಬೇರಿಂಗಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಹಚ್ಚಿ, ಒಳಗೆ ಏನು ಸವೆದಿದೆ ಎಂದು ಹೇಳುತ್ತಿದ್ದರಂತೆ. ಬೇರೆ ಮಿಲ್ಲಿನವರೂ ಸೀಸನ್ ಶುರುವಾಗುವ ಮುಂಚೆ ಅವರನ್ನು ಕರೆದೊಯ್ದು "ಒಂದ್ಸಲ ಕೇಳಿಬಿಡ್ರಿ ಸಾಬ್ರೇ" ಎನ್ನುತ್ತಿದ್ದರು. ಅವರು ಸರಿ ಎಂದರೆ ಸರಿ, ಬಿಚ್ಚಿ ಎಂದರೆ ಬಿಚ್ಚುವುದು. ಅವರ ಅನ್ನ ಆ ಕಿವಿಯಲ್ಲಿತ್ತು.

ಅಂಥವರು ನನ್ನಿಂದ ಒಂದು ಸ್ಟೀರಿಯೋ ರಿಸೀವರ್ ತರಿಸಿಕೊಂಡರು. ಬಿಡುವಿನಲ್ಲಿ ಕವ್ವಾಲಿ ಕೇಳುವುದು ಅವರ ಒಂದೇ ಖಯಾಲಿ. ದಾವಣಗೆರೆಯಲ್ಲಿ ಬಸ್ ಬದಲಿಸಿ, ಸೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗಿ, ಅವರ ಪಡಸಾಲೆಯಲ್ಲಿ ಕ್ಯಾಸೆಟ್ ಪ್ಲೇಯರು, ಎರಡು ಸ್ಪೀಕರುಗಳ ಜೊತೆ ಜೋಡಿಸಿ ಬಂದೆ. ವಾರ ಕಳೆಯುವುದರೊಳಗೆ ಅಳಿಯನ ಮೂಲಕ ದೂರು ಬಂತು. ಸೌಂಡು ಮೊಂಡು, ಕಂಬಳಿ ಹೊದ್ದು ಹಾಡಿದಂತಿದೆ, ವಾಪಸ್ ತಗೊಳ್ಳಿ.

ಮತ್ತೆ ಹೋದೆ. ನನ್ನ ಕಿವಿಗೆ ಸೆಟ್ಟು ಗಿಣಿಯಂತೆ ಹಾಡುತ್ತಿತ್ತು. ಆದರೆ ಟ್ರೆಬಲ್ ಗುಂಡಿಯನ್ನು, ಎಂದರೆ ಸಣ್ಣ ತೆಳು ಸ್ವರಗಳನ್ನು ಏರಿಸುವ ಗುಂಡಿಯನ್ನು, ಅವರು ಕೊನೆಯವರೆಗೂ ತಿರುಗಿಸಿಟ್ಟಿದ್ದರು. ಕ್ಯಾಸೆಟ್ಟಿನ ಸುಸ್ಸೆಂಬ ಸದ್ದು ಮನೆಯನ್ನೆಲ್ಲ ತುಂಬಿತ್ತು.

"ಇಷ್ಟು ಏರಿಸಿದ್ರೆ ಕಿವಿ ಚುಚ್ಚಲ್ವೇನ್ರೀ ಸಾಬ್ರೇ?" ಎಂದೆ.

"ಎಲ್ಲಿ ಚುಚ್ತೈತೆ ರುದ್ರಣ್ಣ? ಹಾಡೋರ ಬಾಯಾಗೆ ಹತ್ತಿ ಇಟ್ಟಂಗೈತೆ" ಎಂದರು.

ಒಳಗಿನ ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ಮೆಹಬೂಬಿ ಸೆರಗನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಅದನ್ನು ಕಂಡೂ ನಾನು ಏನೂ ಕೇಳಲಿಲ್ಲ. ಆ ತಾಲ್ಲೂಕಿಗೇ ಹೆಸರಾದ ಕಿವಿ ಎದುರಿಗೆ ಕೂತು ಮೊಂಡು ಎನ್ನುತ್ತಿರುವಾಗ ಒಳಮನೆಯವರನ್ನು ಕೇಳುವುದು ನನಗೆ ತೋಚಲೇ ಇಲ್ಲ.

ರಿಸೀವರ್ ಬೇಡವಾದರೆ ಪ್ರತ್ಯೇಕ ಆಂಪ್ಲಿಫೈಯರ್ ಹಾಕಿ ನೋಡೋಣ ಎಂದು ಮುಂದಿನ ವಾರ ಅದನ್ನು ಹೊತ್ತೊಯ್ದೆ. ಅದೂ ಮೊಂಡು. ಅಟ್ಟದ ಮೇಲಿದ್ದ ಅವರದೇ ಹಳೆಯ ವಾಲ್ವ್ ರೇಡಿಯೋವನ್ನು ಇಳಿಸಿಕೊಟ್ಟು, ಇದರ ಸೌಂಡು ಬೆಣ್ಣೆಯಂತಿತ್ತು, ರಿಪೇರಿ ಮಾಡಿ ಎಂದರು. ಹೊಸ ವಾಲ್ವು ಹಾಕಿ ಒಯ್ದುಕೊಟ್ಟರೆ ಮುಖ ಸಿಂಡರಿಸಿ, "ಇದನ್ನೂ ಕೆಡಿಸಿಬಿಟ್ರಲ್ರೀ" ಎಂದರು. ಸಿಟ್ಟು ನೆತ್ತಿಗೇರಿತು. ಹಲ್ಲು ಕಚ್ಚಿಕೊಂಡು ಬಸ್ ಹತ್ತಿದೆ.

ಅಲ್ಲಿಂದ ಮುಂದೆ ನನ್ನ ತಲೆಗೆ ಹುಳ ಹೊಕ್ಕಿತು. ಜಗಳೂರಿನಲ್ಲಿ ಕರೆಂಟಿನ ವೋಲ್ಟೇಜ್ ಇಳಿಯುತ್ತಿರಬಹುದೇ? ಮೀಟರ್ ಹಚ್ಚಿ ನೋಡಿದ್ದೆ, ಸರಿಯಿತ್ತು. ಎರಡು ಸ್ಪೀಕರುಗಳಲ್ಲಿ ಒಂದರ ವೈರು ಅದಲು ಬದಲಾಗಿದ್ದರೆ ಸ್ವರ ಟೊಳ್ಳಾಗುತ್ತದೆ, ಅದನ್ನೂ ನೋಡಿದ್ದೆ. ಕ್ಯಾಸೆಟ್ ಪ್ಲೇಯರಿನಲ್ಲಿ ಟೇಪು ತಾಗುವ ಹೆಡ್ಡನ್ನು ಒರೆಸಿದ್ದೆ. ನ್ಯಾಮತಿಯಲ್ಲಿ ಒಬ್ಬರ ರೇಡಿಯೋ ಬಿಚ್ಚಿಟ್ಟುಕೊಂಡು ಕೂತವನು ಬೆಸುಗೆ ಹಾಕುವುದು ಬಿಟ್ಟು ಜಗಳೂರಿನ ಸೆಟ್ಟಿನದೇ ಯೋಚನೆಯಲ್ಲಿರುತ್ತಿದ್ದೆ. ಚನ್ನಗಿರಿಗೆ ಹೋದವನು ಅದೇ ಆಂಪ್ಲಿಫೈಯರನ್ನು ನನ್ನ ಗುರುಗಳ ಮುಂದಿಟ್ಟೆ. ಅವರು ಕೇಳಿ, "ಇದಕ್ಕೇನಾಗಿದೆಯೋ? ಚೆನ್ನಾಗೇ ಐತಲ್ಲ" ಎಂದರು. ಆಗ ನನಗೆ ನನ್ನ ಕಿವಿಯ ಮೇಲೇ ಅನುಮಾನ ಹತ್ತಿತು. ದಿನವಿಡೀ ಕೆಟ್ಟ ರೇಡಿಯೋಗಳ ಗೊರಗೊರ ಕೇಳಿ ಕೇಳಿ ಕೆಟ್ಟುಹೋಗಿದೆಯೇನೋ ಎಂದು ಹೆದರಿದೆ. ಕೈಯಲ್ಲಿದ್ದ ಕೆಲಸಗಳು ಹಾಗೇ ಉಳಿದವು, ಗಿರಾಕಿಗಳು ಬೈಯತೊಡಗಿದರು.

ಕೊನೆಗೆ ಎಲ್ಲ ಅನುಮಾನವನ್ನೂ ಒಂದೇ ಸಲ ತೀರಿಸಿಬಿಡಬೇಕೆಂದು ಹೊರಟೆ. ರಿಸೀವರು, ಆಂಪ್ಲಿಫೈಯರು, ಎರಡನ್ನೂ ಅದೇ ಸ್ಪೀಕರುಗಳಿಗೆ ಜೋಡಿಸಿ ಒಂದು ಸ್ವಿಚ್ಚಿನಿಂದ ಬದಲಿಸುವ ಪೆಟ್ಟಿಗೆ ಮಾಡಿಕೊಂಡೆ. ಜೊತೆಗೆ ಆಸಿಲೇಟರ್ ಇಟ್ಟುಕೊಂಡೆ. ಸೆಟ್ಟುಗಳನ್ನು ಪರೀಕ್ಷಿಸಲು ಒಂದೇ ಸ್ವರವನ್ನು ಹೊರಡಿಸುವ ಯಂತ್ರ ಅದು. ಡಯಲ್ ತಿರುಗಿಸಿದಂತೆ ಗುಂಯ್ ಎಂಬ ದಪ್ಪ ಸ್ವರ ತೆಳುವಾಗುತ್ತ ಕೀಂ ಎಂಬಲ್ಲಿಗೆ ಹೋಗುತ್ತದೆ.

ಮಿಲ್ಲಿನ ಸೀಸನ್ ಜೋರಾಗಿತ್ತು. ಹಯಾತ್ ಸಾಬರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದರು. ಮಿಲ್ಲು ಎರಡು ಬೀದಿಯಾಚೆಗೇ ಇದ್ದುದರಿಂದ ಆಯಿಲ್ ಎಂಜಿನ್ನಿನ ಧಗ್ ಧಗ್ ಅಲ್ಲಿಗೂ ಕೇಳಿಸುತ್ತಿತ್ತು. ಎರಡೂ ಸೆಟ್ಟುಗಳ ವಾಲ್ಯೂಮ್ ಮೀಟರಿನಿಂದ ಸಮ ಮಾಡಿ, ಪೆಟ್ಟಿಗೆಗೆ ಬಟ್ಟೆ ಮುಚ್ಚಿ, ಕವ್ವಾಲಿ ಹಾಕಿದೆ. "ನಾನು ಸ್ವಿಚ್ ಬದಲಿಸಿದ ತಕ್ಷಣ ಹೇಳಿಬಿಡ್ರಿ" ಎಂದೆ.

ಬದಲಿಸಿದೆ. ಅವರು ಸುಮ್ಮನಿದ್ದರು. ಮತ್ತೆ ಬದಲಿಸಿದೆ. ಕಣ್ಣು ಮುಚ್ಚಿ ತಲೆ ಆಡಿಸುತ್ತಲೇ ಇದ್ದರು.

"ಈಗ ಬದ್ಲಾತು ನೋಡ್ರಿ" ಎಂದರು ಒಳಗಿನಿಂದ ಮೆಹಬೂಬಿ. ನಿಜವಾಗಿಯೂ ಬದಲಾಗಿತ್ತು. ಮತ್ತೊಮ್ಮೆ ಬದಲಿಸಿದೆ. "ಈಗ ಮೊದಲಿಂದು ಬಂತು." ಅದೂ ಸರಿ.

"ನಿಂಗೇನು ಗೊತ್ತಾಗ್ತೈತೆ, ಸುಮ್ಕಿರು" ಎಂದು ಸಾಬರು ನಕ್ಕರು. ನನಗೆ ನಗು ಬರಲಿಲ್ಲ. ಕವ್ವಾಲಿ ನಿಲ್ಲಿಸಿ ಆಸಿಲೇಟರ್ ಜೋಡಿಸಿದೆ. ಸ್ವರ ಕೇಳುವವರೆಗೂ ಕೈ ಎತ್ತಿ ಹಿಡಿಯಿರಿ ಎಂದೆ. ದಪ್ಪ ಸ್ವರ ಶುರುವಾಯಿತು, ಅವರು ಕೈ ಎತ್ತಿದರು. ನಾನು ಡಯಲ್ ತಿರುಗಿಸುತ್ತ ಹೋದೆ. ಸೆಕೆಂಡಿಗೆ ಮೂರು ಸಾವಿರ ಕಂಪನದ ಗುರುತು ದಾಟುತ್ತಿದ್ದಂತೆ ಅವರು ಕೈ ಇಳಿಸಿದರು.

"ಯಾಕ್ರೀ ನಿಲ್ಲಿಸಿದ್ರಿ?" ಎಂದರು ಸಾಬರು.

ನಾನು ಉತ್ತರ ಕೊಡುವ ಮೊದಲೇ ಮೆಹಬೂಬಿ, "ಎಲ್ಲಿ ನಿಂತೈತೆ? ಇನ್ನೂ ಕೂಗ್ತಾನೇ ಐತಲ್ಲ" ಎಂದುಬಿಟ್ಟರು. ಹೇಳಿದ ಮೇಲೆ ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸಾಬರು ನನ್ನ ಮುಖ ನೋಡಿದರು. "ಇನ್ನೊಂದ್ಸಲ ಹಾಕ್ರಿ." ಹಾಕಿದೆ. ಅದೇ ಜಾಗದಲ್ಲಿ ಕೈ ಇಳಿಯಿತು. ಮತ್ತೊಂದು ಸಲ ಎಂದರು. ಅದೇ ಜಾಗ. ವರ್ಷಗಟ್ಟಲೆ ಎಂಜಿನ್ ಪಕ್ಕದಲ್ಲಿ ನಿಂತವರಿಗೆ ತೆಳುವಾದ ಸ್ವರಗಳು ಮೊದಲು ಹೋಗುತ್ತವೆ, ದಪ್ಪ ಸ್ವರಗಳು ಉಳಿಯುವುದರಿಂದ ಅವರಿಗೆ ಬೇಗ ತಿಳಿಯುವುದಿಲ್ಲ, ಸೆಟ್ಟುಗಳಲ್ಲಿ ದೋಷವಿಲ್ಲ ಎಂದು ತೊದಲುತ್ತ ಹೇಳಿದೆ. ಅಂಥ ಮಾತನ್ನು ನಾನು ಯಾವ ಗಿರಾಕಿಗೂ ಹೇಳಿರಲಿಲ್ಲ.

"ಗೊತ್ತಿತ್ತು ರೀ" ಎಂದರು ಅವರು. "ಅನುಮಾನ ಇತ್ತು. ಪೆಟ್ಟಿಗೇದೇ ತಪ್ಪಾಗಿರ್ಲಿ ಅಂತ ದುವಾ ಮಾಡ್ತಿದ್ದೆ. ಅದಕ್ಕೇ ಒಂದಾದ ಮ್ಯಾಲೆ ಒಂದು ತರಿಸಿದ್ದು."

"ನಾನು ಯಾರ ಮುಂದೂ ಬಾಯಿ ಬಿಡಲ್ಲ ಸಾಬ್ರೇ. ಮಿಲ್ಲಿನವ್ರಿಗೆ ಗೊತ್ತಾಗಾಕೆ ದಾರಿಯೇ ಇಲ್ಲ" ಎಂದೆ. ಸಮಾಧಾನಕ್ಕೆ ಬೇರೇನೂ ತೋಚಲಿಲ್ಲ.

"ನೀವು ಹೇಳ್ದಿದ್ರೆ ಆತೇನ್ರೀ? ಮಿಲ್ಲಿನಾಗೆ ತಿರುಗೋ ಶಾಫ್ಟಿನ ಕೆಳಗೆ ಹೆಣ್ಮಕ್ಳು ಕುಂತಾರೆ, ಅದರ ಬೇರಿಂಗ್ ಕೂಗಿದ್ರೆ ನನಗೆ ಕೇಳಂಗಿಲ್ಲ" ಎಂದವರೇ ತಟ್ಟೆ ಬಿಟ್ಟು ಎದ್ದರು. ಚಪ್ಪಲಿ ಮೆಟ್ಟಲೂ ನಿಲ್ಲಲಿಲ್ಲ. ನಾನು ಹಿಂದೆ ಓಡಿದೆ.

ಮಿಲ್ಲಿನ ಮಾಡಿನ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ಶಾಫ್ಟು ತಿರುಗುತ್ತಿತ್ತು. ಎಂಜಿನ್ನಿನ ಶಕ್ತಿ ಅದಕ್ಕೆ ಬಂದು, ಅಲ್ಲಿಂದ ಅಗಲವಾದ ಬೆಲ್ಟುಗಳ ಮೂಲಕ ಕಾಯಿ ಸುಲಿಯುವ ಯಂತ್ರಗಳಿಗೆ ಇಳಿಯುತ್ತಿತ್ತು. ಗೋಡೆಯ ಬದಿಗೆ, ಸರಿಯಾಗಿ ಅದರ ಕೆಳಗೆ, ಹೆಂಗಸರು ಸಾಲಾಗಿ ಕೂತು ಸುಲಿದ ಬೀಜ ಆರಿಸುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೇ ನನಗೆ ಕೇಳಿಸಿತು. ಎಂಜಿನ್ನಿನ ಅಬ್ಬರದ ಮೇಲೆ, ತೆಳುವಾಗಿ, ಬಿಡದೆ, ಕೀಂ ಎಂಬ ಕೂಗು. ಹಯಾತ್ ಸಾಬರು ನನ್ನ ತೋಳು ಹಿಡಿದು ಕಿವಿಯ ಹತ್ತಿರ ಕೂಗಿ ಕೇಳಿದರು: "ಏನಾದ್ರೂ ಕೇಳ್ತೈತಾ?" ನಾನು ಮೇಲಕ್ಕೆ ಬೊಟ್ಟು ಮಾಡಿದೆ. ಅವರು ಹೋಗಿ ಎಂಜಿನ್ ನಿಲ್ಲಿಸಿಬಿಟ್ಟರು.

ಮಿಲ್ಲಿನ ಸಾಹುಕಾರರು ಗಾದಿಯಿಂದ ಎದ್ದು ಬಂದರು. ಹೊರಗೆ ಮಾಲು ತುಂಬಲು ಲಾರಿ ನಿಂತಿತ್ತು. "ತಲೆ ಕೆಟ್ಟೈತೇನ್ರೀ ಸಾಬ್ರೇ? ಈ ಹೊತ್ನಾಗೆ ಯಾಕ್ ನಿಲ್ಲಿಸಿದ್ರಿ?" ಎಂದು ಗದರಿದರು. ಸಾಬರು ಹೆಂಗಸರನ್ನು ಎಬ್ಬಿಸಿ, ಏಣಿ ಹಾಕಿ ಹತ್ತಿ, ನಾನು ತೋರಿಸಿದ ಬೇರಿಂಗಿನ ಮುಚ್ಚಳ ಬಿಚ್ಚಿದರು. ಗುಂಡುಗಳನ್ನು ಹಿಡಿದಿಡುವ ಬಳೆ ತುಂಡಾಗಿತ್ತು. ಗುಂಡುಗಳು ಕಾವಿಗೆ ನೀಲಿಗಟ್ಟಿದ್ದವು. ಇನ್ನು ಸ್ವಲ್ಪ ದಿನ ಓಡಿದ್ದರೆ ಬೇರಿಂಗ್ ಕಚ್ಚಿಕೊಂಡು, ಬೆಲ್ಟೋ ಶಾಫ್ಟೋ ಕೆಳಗಿನವರ ಮೇಲೆ ಬರುತ್ತಿತ್ತು.

ಸಾಬರು ಏಣಿಯಿಂದ ಇಳಿದು, ಎಲ್ಲರಿಗೂ ಕೇಳುವಂತೆ, "ನನ್ನ ಕಿವಿ ಹೋಗೈತೆ ಸಾಹುಕಾರ್ರೇ. ಇದು ಕೂಗ್ಯೈತೆ, ನನಗೆ ಕೇಳಿಲ್ಲ" ಎಂದರು.

ಆರಿಸುವ ಹೆಂಗಸರಲ್ಲಿ ಹಿರಿಯಳು ಹಾಲಮ್ಮ. ಆಕೆ ಮೆಲ್ಲಗೆ ಹೇಳಿದಳು: "ನಮಗೆಲ್ಲ ಕೇಳ್ತಿತ್ತು ರೀ. ಹಬ್ಬ ಆದಾಗಿಂದ ಕೇಳ್ತೈತೆ. ನೀವು ದಿನಾ ಅದರ ಕೆಳಗೇ ಓಡಾಡ್ತಿದ್ರಲ್ಲ. ಸಾಬ್ರೇ ಸುಮ್ಕಿದಾರೆ ಅಂದ್ರೆ ಏನೂ ಇಲ್ಲ ಬಿಡು ಅಂದ್ಕಂಡು ಕುಂತಿದ್ವಿ."

ಹಯಾತ್ ಸಾಬರು ಅಲ್ಲೇ ಒಂದು ಚೀಲದ ಮೇಲೆ ಕೂತುಬಿಟ್ಟರು. ಮೆಹಬೂಬಿ ಸೆರಗಿನಿಂದ ಕಿವಿ ಮುಚ್ಚಿಕೊಂಡದ್ದನ್ನು ಕಂಡೂ ನಾನು ಕೇಳದೆ ಹೋದದ್ದು ನೆನಪಾಯಿತು. ಹಾಲಮ್ಮನ ಮಾತು ಅವರಿಗೆ ಎಷ್ಟು ತಾಗಿತೋ ಅಷ್ಟೇ ನನಗೂ ತಾಗಿತ್ತು.

ಆ ಸಂಜೆ ಮನೆಯಲ್ಲಿ ಅವರು ಹೆಂಡತಿಯನ್ನು ಕರೆದು, ಎರಡರಲ್ಲಿ ಯಾವುದು ಚೆನ್ನಾಗೈತೆ ನೀನೇ ಹೇಳು ಎಂದರು. ಮೆಹಬೂಬಿ ಹಿಂಜರಿಯುತ್ತಲೇ ಬಂದು ಕೂತು, ಎರಡನ್ನೂ ಕೇಳಿ, ಆಂಪ್ಲಿಫೈಯರ್ ಎಂದರು. ಟ್ರೆಬಲ್ ಗುಂಡಿಯನ್ನು ನಡುವೆ ನಿಲ್ಲಿಸಿದರು. ನನ್ನ ಲೆಕ್ಕದಲ್ಲೂ ಅದೇ ಸರಿಯಾದ ತೀರ್ಪು. ಅದನ್ನು ಅಲ್ಲೇ ಬಿಟ್ಟು ಬಂದೆ. ಸೀಸನ್ ಮುಗಿಯುವವರೆಗೂ ಸಾಬರು ಮಿಲ್ಲಿನಲ್ಲಿದ್ದರು. ಆಮೇಲೆ ಸಾಹುಕಾರರು ದಾವಣಗೆರೆಯಿಂದ ಬೇರೆ ಮೇಸ್ತ್ರಿಯನ್ನು ತಂದರು. ಇವರನ್ನು ಅವನ ಕೈಕೆಳಗೆ, ಕಡಿಮೆ ಸಂಬಳಕ್ಕೆ ಇಟ್ಟುಕೊಂಡರು. ನನಗೆ ಆ ವಿಷಯ ತಿಳಿದಾಗ ಬಹಳ ಸಂಕಟವಾಯಿತು.

ಬೇರಿಂಗ್ ಬಿಚ್ಚಿದ ಆ ದಿನ ನನ್ನನ್ನು ಬಸ್ ಹತ್ತಿಸಲು ಅವರು ಸ್ಟ್ಯಾಂಡಿನವರೆಗೂ ಬಂದಿದ್ದರು. ಕಾಲು ನಿಲ್ಲದೆ ಅತ್ತಿತ್ತ ಓಡಾಡುತ್ತಿದ್ದರು. ಬಸ್ ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದರು: "ಕಿವಿ ಹೋಗಿದ್ದಕ್ಕೆ ಅಷ್ಟು ಬ್ಯಾಸರ ಇಲ್ಲ ರುದ್ರಣ್ಣ, ವಯಸ್ಸಾತು. ಅಷ್ಟು ಜನ ಕೇಳಿಸ್ಕಂಡೂ ಬಾಯಿ ಬಿಡ್ಲಿಲ್ಲ ನೋಡ್ರಿ. ನನ್ನ ಕಿವಿ ನಂಬಿ ಅವ್ರು ತಮ್ಮ ಕಿವಿ ಮುಚ್ಕಂಡು ಕುಂತಿದ್ರು."

ಆಮೇಲೆ ಎಷ್ಟೋ ಮನೆಗಳಲ್ಲಿ ಎಷ್ಟೋ ಸೆಟ್ಟುಗಳನ್ನು ಹೋಲಿಸಿ ಕೊಟ್ಟಿದ್ದೇನೆ. ಹಾಡು ಹಾಕಿ, ಎದುರಿಗೆ ಕೂತ ಯಜಮಾನರ ಅಭಿಪ್ರಾಯ ಕೇಳಿದ ಮೇಲೆ, ಬಾಗಿಲ ಹಿಂದೆ ನಿಂತವರನ್ನು ಹೊರಗೆ ಕರೆದು, ನಿಮಗೆ ಹೇಗೆ ಕೇಳಿಸಿತು ಎಂದು ಕೇಳುತ್ತೇನೆ. ನಮಗೇನು ಗೊತ್ತಾಗುತ್ತೆ ಎನ್ನುತ್ತಾರೆ ಅವರು. ಅವರು ಹೇಳುವವರೆಗೂ ನಾನು ಅಲ್ಲಿಂದ ಏಳುವುದಿಲ್ಲ.