ಔಷಧದಂಗಡಿಯಿಂದ ಬ್ರೆಡ್ ತರುವ ಗ್ಲೆಂಡಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲ್ಡರ್ಬಿ ಬಂದರಿನ ಔಷಧದಂಗಡಿಯ ಹಿಂಬಾಗಿಲಲ್ಲಿ ಗ್ಲೆಂಡಾ ಸ್ಟಾಥರ್ಡ್ ವ್ಯಾನಿಗೆ ಸಾಮಾನು ತುಂಬುತ್ತಿದ್ದಾರೆ. ಸಮುದ್ರದ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ. ಒಂದು ಕಡೆ ಮಾತ್ರೆಗಳ ಕಾಗದದ ಚೀಲಗಳು, ಇನ್ನೊಂದು ಕಡೆ ಬ್ರೆಡ್ಡಿನ ರಟ್ಟಿನ ಪೆಟ್ಟಿಗೆಗಳು. ಚೀಲಗಳನ್ನು ಎಸೆದಂತೆ ಇಡುವ ಗ್ಲೆಂಡಾ ಪೆಟ್ಟಿಗೆಗಳನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಇಳಿಸುತ್ತಾರೆ.

"ಇದರ ಮೇಲೆ ಏನಾದ್ರೂ ಇಟ್ರೆ ಪುಡಿಪುಡಿ ಆಗೋಗುತ್ತೆ ಬಂಗಾರಾ. ಗೋಧಿ ಇಲ್ಲದ ಬ್ರೆಡ್ಡಿಗೆ ಬೆನ್ನುಮೂಳೆ ಇರಲ್ಲ," ಎಂದು ಇವತ್ತು ಅವರ ಜೊತೆ ಹೊರಟಿರುವ ನನಗೆ ಹೇಳುತ್ತಾರೆ. ನಮ್ಮ ಬಂದರಿನಲ್ಲಿ ಬಸ್ ಡ್ರೈವರನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಎಲ್ಲರೂ ಬಂಗಾರವೇ. ನಾನು ಉಬ್ಬಿಹೋಗುವಂಥದ್ದೇನಿಲ್ಲ.

ಔಷಧದಂಗಡಿಯಲ್ಲಿ ಬ್ರೆಡ್ಡಿಗೇನು ಕೆಲಸ ಎಂದರೆ, ಸೀಲಿಯಾಕ್ ಕಾಯಿಲೆಯವರಿಗೆ ಅದೇ ಔಷಧ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಹೊಟ್ಟೆಗೆ ಹೋದರೆ ಇವರ ಕರುಳಿನ ಒಳಪದರವೇ ಹಾಳಾಗುತ್ತದೆ. ಮಾತ್ರೆಯಿಲ್ಲ, ಇಂಜೆಕ್ಷನ್ನಿಲ್ಲ, ಬದುಕಿರುವಷ್ಟು ದಿನ ಗೋಧಿ, ಬಾರ್ಲಿ ಮುಟ್ಟದಿರುವುದೊಂದೇ ದಾರಿ. ಆದ್ದರಿಂದ ಡಾಕ್ಟರು ಚೀಟಿಯಲ್ಲಿ ಬ್ರೆಡ್ ಬರೆಯುತ್ತಾರೆ, ಗ್ಲೆಂಡಾ ಅದನ್ನು ಮನೆಮನೆಗೆ ಮುಟ್ಟಿಸುತ್ತಾರೆ. ಮಕ್ಕಳಿಗೂ ಬಡವರಿಗೂ ಬಿಟ್ಟಿ. ಇದೇ ಬ್ರೆಡ್ಡನ್ನು ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳಹೋದರೆ ಅಂಗೈಯಗಲದ ತುಂಡಿಗೆ ಮಾಮೂಲಿ ಬ್ರೆಡ್ಡಿನ ನಾಲ್ಕು ಪಟ್ಟು ಬೆಲೆ.

ಮುಂದಿನ ತಿಂಗಳಿನಿಂದ ಇದು ನಿಲ್ಲುತ್ತದೆ. 'ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಡಾಕ್ಟರ ಚೀಟಿ ಏಕೆ' ಎಂದು ನಮ್ಮ ಭಾಗದ ಆರೋಗ್ಯ ಮಂಡಳಿ ಕೇಳಿದೆ. ಸಿಗುತ್ತದೆ, ನಿಜ. ವಜ್ರವೂ ಸಿಗುತ್ತದೆ. ಮಂಡಳಿಯ ಕಚೇರಿಯ ಮುಂದೆ ಈ ವರ್ಷ ಹೊಸ ಕಾರಂಜಿ ಚಿಮ್ಮುತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತೇವಲ್ಲ, ಇಲ್ಲಿ ಹೊಟ್ಟೆ ಒಬ್ಬರದು, ಜುಟ್ಟು ಇನ್ನೊಬ್ಬರದು.

ಗ್ಲೆಂಡಾರಿಗೆ ಅರವತ್ತು ದಾಟಿದೆ. ಶಾಲೆ ಬಿಟ್ಟವರೇ ಮೀನು ಪ್ಯಾಕ್ ಮಾಡುವ ಕಾರ್ಖಾನೆ ಸೇರಿದರು. ಐಸಿನಲ್ಲಿ ಕೈಯಾಡಿಸಿ ಆಡಿಸಿ ಬೆರಳ ಗಂಟುಗಳು ಸೊಟ್ಟಗಾಗಿವೆ. ಕಾರ್ಖಾನೆ ಮುಚ್ಚಿತು, ಗಂಡ ಟ್ರೆವರ್ ತೀರಿಕೊಂಡರು, ಆಮೇಲೆ ಈ ವ್ಯಾನು. ದಿನಕ್ಕೆ ಐವತ್ತು ಅರವತ್ತು ಬಾಗಿಲು ತಟ್ಟುತ್ತಾರೆ. ಅವುಗಳಲ್ಲಿ ಲಿಫ್ಟ್ ಕೆಟ್ಟ ಕಟ್ಟಡಗಳೇ ಹೆಚ್ಚು.

ಬ್ರೆಡ್ಡಿನ ತಾಪತ್ರಯ ಇನ್ನೊಂದಿದೆ. ಅದು ಒಂದೊಂದಾಗಿ ಬರುವುದಿಲ್ಲ, ತಿಂಗಳಿಗಾಗುವಷ್ಟು ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಹೊರಗಿಟ್ಟರೆ ಬೂಸ್ಟು ಹಿಡಿಯುತ್ತದೆ. ಬಡವರ ಮನೆಯ ಫ್ರಿಜ್ಜಿನಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಅವರ ಪಾಲಿನ ಬ್ರೆಡ್ಡನ್ನು ಗ್ಲೆಂಡಾ ತಮ್ಮ ಮನೆಯ ದೊಡ್ಡ ಫ್ರೀಜರಿನಲ್ಲಿಟ್ಟು, ವಾರವಾರ ಬೇಕಾದಷ್ಟು ಒಯ್ದು ಕೊಡುತ್ತಾರೆ. ಇದು ಅವರ ಕೆಲಸವಲ್ಲ, ಇದಕ್ಕೆ ಸಂಬಳವೂ ಇಲ್ಲ. "ಅದರೊಳಗೆ ನಂದು ಅಂತ ಇರೋದು ಒಂದು ಬಟಾಣಿ ಪ್ಯಾಕೆಟ್ಟು. ಅದೂ ತಿನ್ನೋಕಲ್ಲ, ಮೊಣಕಾಲು ಊದಿದಾಗ ಒತ್ತಿಟ್ಕೊಳ್ಳೋಕೆ," ಎಂದು ನಗುತ್ತಾರೆ.

ಇವತ್ತು ಶುಕ್ರವಾರ. ಲಿಫ್ಟ್ ಕೆಟ್ಟ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಬಾಗಿಲು ತೆಗೆದವಳು ಕೆರಿ. ಊರಾಚೆ ಉಳಿದಿರುವ ಇನ್ನೊಂದು ಮೀನು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಂದಿದ್ದಾಳೆ, ಏಪ್ರನ್ನೂ ಬಿಚ್ಚಿಲ್ಲ. ಸೀಲಿಯಾಕ್ ಇರುವುದು ಅವಳ ಏಳು ವರ್ಷದ ಮಗಳು ಐಲಾಳಿಗೆ.

"ಏನೇ ಮುದುಕಿ, ಇಷ್ಟು ಲೇಟು?"

"ಮೂರು ಮಹಡಿ ಹತ್ತಿಸ್ಕೊಂಡು ಲೇಟು ಅಂತೀಯಾ? ಇಳಿದು ಬಂದು ತಗೊಳ್ಳೇ, ಗೊತ್ತಾಗುತ್ತೆ."

ಐಲಾ ಓಡಿ ಬಂದು ಬ್ರೆಡ್ ಕಸಿದುಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಈ ಮಗುವಿನ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿತ್ತಂತೆ. ಈಗ ಕೆನ್ನೆ ತುಂಬಿದೆ.

ಅನ್ನ ಉಣ್ಣಲಿ, ಏನಾಯಿತು ಎಂದು ಅನ್ನ ಉಂಡು ಬೆಳೆದ ನಮ್ಮವರು ಕೇಳುತ್ತಾರೆ. ನಾನೂ ಕೇಳಿದ್ದೆ. ಕೆರಿ ಒಮ್ಮೆ ಮಗಳ ಶಾಲೆಯ ಡಬ್ಬಿಗೆ ಅನ್ನ ಹಾಕಿಯೂ ನೋಡಿದ್ದಳು. ಉಳಿದ ಮಕ್ಕಳೆಲ್ಲ ಸ್ಯಾಂಡ್‌ವಿಚ್ ತಿನ್ನುವಲ್ಲಿ ಇವಳ ತಣ್ಣನೆ ಅನ್ನ ನೋಡಿ 'ಹಕ್ಕಿ ತಿನ್ನೋ ಕಾಳು' ಎಂದು ಆಡಿಕೊಂಡರು. ಐಲಾ ಡಬ್ಬಿಯನ್ನು ಕಸಕ್ಕೆ ಸುರಿದು, ಗೆಳತಿಯ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ತಿಂದು ಬಂದಳು. ವಾರವಿಡೀ ವಾಂತಿ ಮಾಡಿಕೊಂಡಳು.

"ಮುಂದಿನ ತಿಂಗಳದ್ದು ಏನು ಯೋಚ್ನೆ ಮಾಡಿದ್ಯೇ?" ಎಂದು ಗ್ಲೆಂಡಾ ಕೇಳುತ್ತಾರೆ.

"ಹೆಂಗೋ ಆಗುತ್ತೆ ಬಿಡು. ನೀವೆಲ್ಲ ಹೆದರಿಸೋವಷ್ಟೇನಿಲ್ಲ. ಹೋದ ಶುಕ್ರವಾರ ಚಿಪ್ಸ್ ಅಂಗಡಿಯಿಂದ ಕರಿದ ಮೀನು ತಂದಿದ್ದೆ. ಮೇಲಿನ ಗೋಧಿಹಿಟ್ಟೆಲ್ಲ ಸುಲಿದು ಒಳಗಿನ ಮೀನು ಮಾತ್ರ ಕೊಟ್ಟೆ. ಏನೂ ಆಗ್ಲಿಲ್ಲ. ಹೊಟ್ಟೆನೋವು ಅಂತಾನೂ ಅನ್ಲಿಲ್ಲ."

ಗ್ಲೆಂಡಾರ ಮುಖ ಸಪ್ಪಗಾಗುತ್ತದೆ. "ಐಲಾ, ಒಳಗ್ಹೋಗಿ ಆಡ್ಕೋ ಪುಟ್ಟಿ," ಎಂದು ಮಗುವನ್ನು ಕಳಿಸಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ.

"ನಮ್ಮ ಟ್ರೆವರ್‌ಗೂ ಇದೇ ಕಾಯಿಲೆ ಕಣೇ. ಚೀಟಿ ಬ್ರೆಡ್ಡೇ ತಿಂತಿದ್ದ, ಬೇರೆ ಬ್ರೆಡ್ ಮುಟ್ತಿರ್ಲಿಲ್ಲ. ಆದ್ರೆ ಶುಕ್ರವಾರ ಬಂತಂದ್ರೆ ಮೀನು ಬೇಕು. ಹಡಗುಕಟ್ಟೇಲಿ ಜೀವನಪೂರ್ತಿ ಮೀನು ಕುಯ್ದೋನು, ಬೇಡ ಅನ್ನೋಕೆ ನಂಗೆ ಬಾಯಿ ಬರ್ತಿರ್ಲಿಲ್ಲ. ನಾನೇ ಫೋರ್ಕಲ್ಲಿ ಸುಲಿದು ಕೊಡ್ತಿದ್ದೆ. ಒಂದು ಚೂರು ಹಿಟ್ಟೂ ಇರ್ತಿರ್ಲಿಲ್ಲ, ಬೆಳ್ಳಗೆ ಇರ್ತಿತ್ತು. ವರ್ಷಗಟ್ಟಲೆ ಕೊಟ್ಟೆ. ಅವನೂ ಒಂದು ದಿನ ಹೊಟ್ಟೆನೋವು ಅನ್ಲಿಲ್ಲ. ಆಮೇಲೆ ಕರುಳಲ್ಲಿ ಕ್ಯಾನ್ಸರ್ ಅಂದ್ರು."

ಕೆರಿ ಒಳಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚುತ್ತಾಳೆ.

"ಏನೇನು ತಿಂತಿದ್ರು ಅಂತ ಡಾಕ್ಟ್ರು ಕೇಳಿದ್ರು. ಹೇಳ್ದೆ. 'ಹಿಟ್ಟು ಮೀನಿಗೂ ಅಂಟಿರುತ್ತಲ್ಲಮ್ಮ, ಎಣ್ಣೇಲೂ ಇರುತ್ತಲ್ಲ' ಅಂದ್ರು. ನೋವಿಲ್ಲದಿದ್ರೂ ಒಳಗೊಳಗೇ ಹಾಳಾಗ್ತಾ ಇರುತ್ತಂತೆ. ಕ್ಯಾನ್ಸರ್ ಅದ್ರಿಂದ್ಲೇ ಬಂತಾ ಅಂತ ಕೇಳ್ದೆ. ಹೇಳೋಕಾಗಲ್ಲ ಅಂದ್ರು. ಅಲ್ಲ ಅಂತಾನೂ ಅನ್ಲಿಲ್ಲ."

ಕೆರಿಗೆ ಸಿಟ್ಟು ಬರುತ್ತದೆ. ಬರಬೇಕಾದ್ದೇ. "ಹಂಗಾದ್ರೆ ಏನು ಹಾಕ್ಲಿ ಅದಕ್ಕೆ? ನೀನೇ ಹೇಳು! ಬ್ರೆಡ್ ಬಂದ್ ಮಾಡ್ತಾರೆ, ಅಂಗಡೀದು ಕೈಗೆಟುಕಲ್ಲ, ಮೀನೂ ಬೇಡ ಅಂತೀಯ. ನನ್ನ ತಲೆ ಹಾಕ್ಲಾ ಡಬ್ಬಿಗೆ?"

ಇದಕ್ಕೆ ಉತ್ತರ ಹೇಳಬೇಕಾದವರು ಮೂರು ಮಹಡಿ ಹತ್ತಿ ಈ ಬಾಗಿಲಿಗೆ ಬರುವವರಲ್ಲ. ಕೆರಿಯೇ ಒಳಹೋಗಿ ಒಂದು ಕಪ್ ಟೀ ತಂದು ಗ್ಲೆಂಡಾರ ಕೈಗಿಡುತ್ತಾಳೆ. "ಬೇಜಾರು ಮಾಡ್ಕೋಬೇಡ. ಇನ್ಮೇಲೆ ಮೀನು ಕೊಡಲ್ಲ," ಎನ್ನುತ್ತಾಳೆ.

ಕೆಳಗೆ ಬಂದು ವ್ಯಾನಿನಲ್ಲಿ ಕೂತ ಮೇಲೂ ಗ್ಲೆಂಡಾ ಕೀಲಿ ತಿರುಗಿಸುವುದಿಲ್ಲ. ಬ್ರೆಡ್ ನಿಂತರೆ ನಿಮ್ಮ ಕೆಲಸಕ್ಕೇನಾದರೂ ಕುತ್ತು ಬರುತ್ತದೆಯೇ ಎಂದು ಕೇಳುತ್ತೇನೆ.

"ನಂಗೇನು, ಮಾತ್ರೆ ಇದ್ದೇ ಇವೆಯಲ್ಲ. ಇದೇ ಕಟ್ಟಡದ ಎರಡನೇ ಮಹಡಿಯ ಅಜ್ಜನಿಗೆ ಪ್ರತಿ ಶುಕ್ರವಾರ ಬಿಪಿ ಮಾತ್ರೆ ಕೊಡ್ಬೇಕು," ಎನ್ನುತ್ತಾರೆ. ಆಮೇಲೆ ಕಡ್ಡಿ ಮುರಿದಂತೆ ಹೇಳುತ್ತಾರೆ: "ಮುಂದಿನ ತಿಂಗಳಿಂದ ಈ ಕಟ್ಟಡಕ್ಕೆ ಬೇರೆಯವರನ್ನ ಕಳ್ಸಿ ಅಂತ ಮೊನ್ನೆ ಅಂಗಡೀಲಿ ಕೇಳ್ಕೊಂಡಿದ್ದೆ. ಆ ಮಗು ಬಾಗಿಲು ತೆಗೆದ್ರೆ ನನ್ನ ಕೈಲಿ ಏನೂ ಇರಲ್ವಲ್ಲ, ಹೆಂಗೆ ಮುಖ ತೋರಿಸ್ಲಿ ಅಂತ. ಈಗ ಹೋಗಿ ಬೇರೆಯವರು ಬೇಡ, ನಾನೇ ಹೋಗ್ತೀನಿ ಅಂತೀನಿ. ಅಜ್ಜನ ಮಾತ್ರೆ ಕೊಟ್ಟು ಇನ್ನೊಂದು ಮಹಡಿ ಹತ್ತಿದ್ರೆ ಸಾಯಲ್ಲ ನಾನು. ಬರೀ ಕೈಯಲ್ಲೇ ಹೋಗ್ತೀನಿ. ಇವತ್ತೇನು ತಿಂದೆ ಪುಟ್ಟಿ ಅಂತ ಕೇಳ್ತೀನಿ. ಟ್ರೆವರ್ ಇದ್ದಾಗ ನಮ್ಮನೆ ಬಾಗಿಲಿಗೆ ಹಂಗೆ ಕೇಳೋರು ಯಾರೂ ಬಂದಿರ್ಲಿಲ್ಲ ಬಂಗಾರಾ."