ಮೂರು ಸಹಿಯ ಸೇತುವೆ

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುವುದು. ಸೇತುವೆಯ ಬಿರುಕನ್ನು ಕಾಯುವುದು ಅವಳ ಕೆಲಸ. ಬಿರುಕಿಗೆ ಅಡ್ಡಲಾಗಿ ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಅಂಟಿಸಿ, ಮೇಲೆ ಬಣ್ಣದಲ್ಲಿ ತಾರೀಖು ಬರೆಯುತ್ತಾಳೆ. ಗಾಜಿಗೆ ಬಗ್ಗುವುದು ಗೊತ್ತಿಲ್ಲ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಅದು ಒಡೆಯುತ್ತದೆ. ಒಡೆಯಿತೆಂದರೆ ಸೇತುವೆ ಅಲುಗಿದೆ ಎಂದು ಅರ್ಥ.

ಸೇತುವೆಗೆ ಒಡೆಯರು ಮೂವರು. ಮೇಲಿನ ರಸ್ತೆ ಕೇಂದ್ರದ್ದು, ನೀರಿನಲ್ಲಿ ನಿಂತ ಕಂಬಗಳು ರಾಜ್ಯದವು, ಪಕ್ಕದ ಕಾಲುದಾರಿ ಮತ್ತು ದೀಪಗಳು ಪುರಸಭೆಯವು. ಬಿರುಕು ಮಾತ್ರ ಯಾರ ಗಡಿಯನ್ನೂ ಕೇಳದೆ ಮೂರರಲ್ಲೂ ಹಾದುಹೋಗಿತ್ತು. ಹಾಗಾಗಿ ಗಾಜುಗಳೂ ಮೂರು, ತಿಂಗಳಿಗೊಮ್ಮೆ ಕಳಿಸುವ ಫಾರಂಗಳೂ ಮೂರು. ಗಾಜಕ್ಕ ಪುರಸಭೆಯ ನೌಕರಳು. ಹತ್ತಿರ ಇರುವವಳು ಅವಳೊಬ್ಬಳೇ ಎಂದು ಉಳಿದಿಬ್ಬರೂ ತಮ್ಮ ಗಾಜನ್ನು ಅವಳ ತಲೆಗೇ ಕಟ್ಟಿದ್ದರು.

"ಮೂರು ಮನೆ ಸೊಸೆ ಕಣೇ ನಾನು," ಎಂದು ನನ್ನ ಹತ್ತಿರ ನಗುತ್ತಿದ್ದಳು. "ಒಬ್ಬ ಅತ್ತೆನೂ ಅಡುಗೆಮನೆ ಕಡೆ ತಲೆ ಹಾಕಲ್ಲ."

ಸೇತುವೆಯ ಬಾಯಲ್ಲಿ ಒಂದು ಕಬ್ಬಿಣದ ಫಲಕವಿದೆ. "ಮೂರೂ ಕಡೆಯವರ ಸಹಿ ಇಲ್ಲದೆ ಈ ಸೇತುವೆಯನ್ನು ಮುಚ್ಚತಕ್ಕದ್ದಲ್ಲ." ಆ ಸಾಲಿನ ಹಿಂದೆ ಅವಳ ತಾಯಿಯ ಸಾವಿದೆ.

ಗಾಜಕ್ಕನಿಗೆ ಆಗ ಹನ್ನೊಂದು ವರ್ಷ. ತಾಯಿಗೆ ಎರಡನೆಯ ಹೆರಿಗೆ. ಆಸ್ಪತ್ರೆ ಆಗಲೂ ಈಗಲೂ ಆಚೆ ದಡದಲ್ಲೇ. ಆ ವಾರ ರಾಜ್ಯಕ್ಕೂ ಕೇಂದ್ರಕ್ಕೂ ಏನೋ ಜಗಳ. ರಾಜ್ಯದ ಅಧಿಕಾರಿಯೊಬ್ಬ ಸಿಟ್ಟಿನಲ್ಲಿ ತಾನೊಬ್ಬನೇ ಸಹಿ ಹಾಕಿ ಸೇತುವೆಗೆ ಸರಪಳಿ ಎಳೆಸಿದ. ಸುತ್ತುದಾರಿ ನಾಲ್ಕು ಗಂಟೆಯದು. ಮೂರನೆಯ ಗಂಟೆಯಲ್ಲಿ, ಗಾಡಿಯೊಳಗೇ, ತಾಯಿಯೂ ಮಗುವೂ ಹೋದರು.

ಅಪ್ಪ ದರ್ಜಿ. ಅವನು ಯಾರಿಗೂ ಶಾಪ ಹಾಕಲಿಲ್ಲ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಏಳು ವರ್ಷ ಹತ್ತಿ ಇಳಿದ. ಕೊನೆಗೆ ನ್ಯಾಯಾಧೀಶರು ಬರೆದರು: ಅಧಿಕಾರವನ್ನು ಹಂಚಿಟ್ಟಿರುವುದೇ ಒಬ್ಬನ ಸಿಟ್ಟು ಊರಿನ ಕೊರಳಿಗೆ ಉರುಳಾಗದಿರಲಿ ಎಂದು. ಆಮೇಲೆ ಶಾಸನಸಭೆ ಅದನ್ನೇ ಕಾಯಿದೆ ಮಾಡಿತು. ಫಲಕ ಬಂತು. ಗಾಜಕ್ಕನಿಗೆ ಕೆಲಸವೂ ಬಂತು. ಅಂದಿನಿಂದ ಅವಳು ದಿನ ಬೆಳಗ್ಗೆ ಸೆರಗಿನಿಂದ ಫಲಕದ ಧೂಳು ಒರೆಸಿಯೇ ಕೆಳಗಿಳಿಯುವುದು. ದೇವರ ಮುಂದೆ ನಿಂತಾಗ ಅವಳ ಮುಖ ಹೇಗಿರುತ್ತದೋ ಆಗಲೂ ಹಾಗೇ ಇರುತ್ತಿತ್ತು.

ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಈ ವರ್ಷ ಅವಳ ಮಗಳಿಗೆ ದಿನ ತುಂಬುತ್ತಿತ್ತು. ಅಳಿಯ ದೂರದ ಕೆಲಸದಲ್ಲಿದ್ದ. ತಾಯಿ ಮಗಳಿಬ್ಬರೇ ಮನೆಯಲ್ಲಿ. ಒಂದು ಮಧ್ಯಾಹ್ನ ಮಗಳು ಸೂಜಿ ದಾರ ಹುಡುಕುತ್ತ ಕಪಾಟಿನ ಬಿಸ್ಕತ್ತಿನ ಡಬ್ಬಿ ತೆಗೆದಳು. ಒಳಗಿದ್ದದ್ದು ಗಾಜಿನ ಚೂರುಗಳು.

"ಅಮ್ಮ, ಇದೇನು ನಿನ್ನ ಒಡವೆನಾ?"

"ಒಡೆದಿರೋ ಗಾಜು. ನದಿ ದಂಡೇಲಿ ಬಿಸಾಕಿದ್ರೆ ಬರಿಗಾಲಲ್ಲಿ ಓಡಾಡೋರಿಗೆ ಚುಚ್ಚಲ್ವಾ? ಮುಟ್ಟಬೇಡ, ಕೈ ಕುಯ್ಯುತ್ತೆ."

ಬಸುರಿಗೆ ಬೇರೆ ಕೆಲಸವಿರಲಿಲ್ಲ. ಚೂರುಗಳನ್ನು ತಾರೀಖಿನ ಪ್ರಕಾರ ಚಾಪೆಯ ಮೇಲೆ ಜೋಡಿಸುತ್ತ ಹೋದಳು. ಮೊದಲೆರಡರ ನಡುವೆ ಮೂರು ವರ್ಷ. ಬರಬರುತ್ತ ಹದಿನಾಲ್ಕು ತಿಂಗಳು, ಐದು ತಿಂಗಳು, ಆರು ವಾರ. ಕೊನೆಗೆ ಒಂಬತ್ತು ದಿನ, ನಾಲ್ಕು ದಿನ. ಮಗಳ ಕೈ ನಿಂತಿತು.

"ಅಮ್ಮ, ಇದು ಹೆರಿಗೆ ನೋವಿನ ಥರ ಇದೆ. ಹತ್ತಿರ ಹತ್ತಿರ ಬರ್ತಾ ಇದೆ."

ಗಾಜಕ್ಕ ಒಲೆ ಆರಿಸಿ ಬಂದು ಚಾಪೆಯ ಮುಂದೆ ಕುಕ್ಕರಿಸಿದಳು. ಇಷ್ಟು ವರ್ಷ ಕಣ್ಣೆದುರಿಗಿದ್ದದ್ದು ಅವಳಿಗೆ ಕಂಡಿರಲಿಲ್ಲ. ಒಮ್ಮೆ ಕೇಂದ್ರದ ಗಾಜು, ಒಮ್ಮೆ ರಾಜ್ಯದ್ದು, ಒಮ್ಮೆ ಪುರಸಭೆಯದು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದ ಮುದುಕ ಕಲಿಸಿಕೊಟ್ಟಿದ್ದ: "ಮೊದ್ಲು ಹೊಸ ಗಾಜು ಅಂಟ್ಸು, ಆಮೇಲೆ ಫಾರಂ ತುಂಬು. ಗಾಜು ಇದೆಯಾ ಅಂತಷ್ಟೇ ಫಾರಂ ಕೇಳೋದು." ಅವಳು ಹಾಗೇ ಮಾಡಿದ್ದಳು. ಮೂರೂ ಕಚೇರಿಗೆ, ಪ್ರತಿ ತಿಂಗಳೂ, ಒಂದೇ ಉತ್ತರ: ಇದೆ.

ಮರುದಿನ ಫೋನ್ ಮಾಡಿದಳು. ಕೇಂದ್ರದವರು, "ರಸ್ತೆ ಚೆನ್ನಾಗಿದೆಯಲ್ಲಮ್ಮ, ಕಂಬದವರನ್ನ ಕೇಳಿ," ಎಂದರು. ರಾಜ್ಯದವರು, "ಗಾಜು ಇದೆ ಅಂತ ಫೈಲಲ್ಲಿದೆ. ಬರೆದೋರು ನೀವೇ ಅಲ್ವೇನ್ರಿ?" ಎಂದರು. ಪುರಸಭೆಯ ಇಂಜಿನಿಯರ್ ಅವಳ ಜೊತೆ ಶಾಲೆಗೆ ಹೋದವನು. "ಅಕ್ಕ, ನಮ್ಮದು ಬರೀ ದೀಪ," ಎಂದ.

ಆಗ ಅವಳು ಒಂದೇ ಹಾಳೆಯಲ್ಲಿ ಮೂವರಿಗೂ ಕಾಗದ ಬರೆದು ನನಗೆ ಓದಿ ಹೇಳಿದಳು. 'ಹತ್ತೊಂಬತ್ತು ವರ್ಷದಿಂದ ನಾನು ತಪ್ಪು ಬರೆದಿದ್ದೇನೆ. ಶಿಕ್ಷೆ ಕೊಡಲು ಮೂವರೂ ಸೇತುವೆಯ ಬಳಿ ಬರಬೇಕು.'

"ಕೆಲಸ ಹೋಗುತ್ತಲ್ಲೇ," ಎಂದೆ.

"ಹೋಗಲಿ. ಬರ್ತಾರಲ್ಲ."

ಬಂದರು. ಬಿರುಕು ಇದೆಯೆಂದರೆ ಬಾರದವರು ತಪ್ಪೊಪ್ಪಿಗೆಗೆ ಎರಡೇ ದಿನದಲ್ಲಿ ಬಂದರು. ಕೇಂದ್ರದವರು ದಪ್ಪ ಕನ್ನಡಕದ ಹಿರಿಯರು. ರಾಜ್ಯದವರು ಬಿಸಿಲಿಗೆ ಛತ್ರಿ ಹಿಡಿದಿದ್ದರು. ಪುರಸಭೆಯಿಂದ ಅದೇ ಇಂಜಿನಿಯರ್. ಗಾಜಕ್ಕ ಮೂವರನ್ನೂ ಮೆಟ್ಟಿಲಿಳಿಸಿ ಸೇತುವೆಯ ಅಡಿಗೆ ಕರೆದೊಯ್ದಳು. ಅಲ್ಲಿ ತಣ್ಣಗಿತ್ತು, ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ.

"ಇದೋ, ನಮ್ಮ ಗಾಜು ಸರಿಯಾಗೇ ಇದೆಯಲ್ರಿ!" ಎಂದರು ಛತ್ರಿಯವರು.

"ಇವತ್ತು ಬೆಳಗ್ಗೆ ಅಂಟಿಸಿದ್ದು ಸಾರ್. ತಾರೀಖು ನೋಡಿ."

ಅವಳು ಡಬ್ಬಿ ತೆರೆದು ಚೂರುಗಳನ್ನು ಮೆಟ್ಟಿಲ ಮೇಲೆ ಜೋಡಿಸಿದಳು. ಕನ್ನಡಕದವರು ಬಗ್ಗಿ ನೋಡಿದರು. "ಇದರಲ್ಲಿ ನಮ್ಮದು ಮೂರೋ ನಾಲ್ಕೋ ಅಷ್ಟೇ. ಉಳಿದದ್ದು ಅವರದ್ದು."

"ಅವರದ್ದು ಅಂದ್ರೆ? ಭಾರ ಹೊರಿಸೋದು ನಿಮ್ಮ ರಸ್ತೆ!"

"ಹೊರಬೇಕಾದ್ದು ನಿಮ್ಮ ಕಂಬ!"

ಅಷ್ಟರಲ್ಲಿ ಮೇಲೆ ಸರಕಿನ ಲಾರಿಯೊಂದು ಹಾದುಹೋಯಿತು. ಧೂಳು ಉದುರಿತು. ಅದರ ಹಿಂದೆಯೇ ಬಳೆ ಒಡೆದಷ್ಟು ಸಣ್ಣ ಸದ್ದು: ಟಿಣ್. ಒಂದು ಕ್ಷಣ ಬಿಟ್ಟು ಇನ್ನೊಂದು.

ಛತ್ರಿಯವರು ಮೇಲೆ ನೋಡಿದರು. ಕನ್ನಡಕದವರು ದನಿ ತಗ್ಗಿಸಿ ಕೇಳಿದರು, "ಅದು ಯಾರ ಗಾಜು?"

"ಬೆಳಗ್ಗೆ ಅಂಟಿಸಿದ್ದು ಸಾರ್," ಎಂದಳು ಗಾಜಕ್ಕ. "ಇನ್ನು ಯಾರದಾದ್ರೇನು?"

ಮೂವರೂ ಹತ್ತುವ ಭರದಲ್ಲಿ ಮೆಟ್ಟಿಲ ಮೇಲಿನ ಚೂರು ತುಳಿದರು. ಮೇಲೆ ಬಂದ ಮೇಲೆ ಅವಳ ತಪ್ಪೊಪ್ಪಿಗೆಯ ಹಾಳೆಯ ಬೆನ್ನಿಗೇ ಮುಚ್ಚುವ ಆದೇಶ ಬರೆದರು. ಇಬ್ಬರು ಸಹಿ ಹಾಕಿದರು. ಪುರಸಭೆಯವನು ಪೆನ್ನು ಹಿಡಿದು ನಿಂತ.

"ಅಕ್ಕ, ಮಗಳಿಗೆ ಇವತ್ತೋ ನಾಳೆಯೋ ಅಂತಿದ್ರಿ. ಅವಳು ದಾಟೋವರೆಗೆ ಕಾಯೋಣವಾ? ಮೊದ್ಲು ಅವಳನ್ನ ಕರ್ಕೊಂಡು ಹೋಗಿಬಿಡಿ."

ಗಾಜಕ್ಕ ಸೇತುವೆಯನ್ನು ಉದ್ದಕ್ಕೂ ನೋಡಿದಳು. ಆಚೆ ದಡದ ಆಸ್ಪತ್ರೆಯ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ನಡೆದರೆ ಹತ್ತು ನಿಮಿಷ. ಶಾಲೆಯ ಬಸ್ಸೊಂದು ಈ ತುದಿಗೆ ಬಂದು ಹಾರ್ನ್ ಹಾಕುತ್ತಿತ್ತು.

"ಮೂರು ಸಹಿ ಬೇಕು ಅಂತ ನಮ್ಮಪ್ಪ ಏಳು ವರ್ಷ ಅಲೆದ," ಎಂದಳು. "ನನ್ನದು ನಾಲ್ಕನೇದು ಅಂತ ಎಲ್ಲೂ ಬರೆದಿಲ್ಲ. ಹಾಕಪ್ಪ."

ಅವನು ಹಾಕಿದ. ಸರಪಳಿ ಎಳೆದಾಯಿತು. ಬಸ್ಸಿನ ಕಿಟಕಿಯಿಂದ ಯಾರೋ ಹೆಂಗಸು ಕೂಗಿದಳು, "ನಿಮ್ಮಮ್ಮ ಹೇಗೆ ಹೋದ್ಲು ಅಂತ ಮರೆತುಬಿಟ್ಯೇನೇ?" ಗಾಜಕ್ಕ ಮನೆಯತ್ತ ಹೊರಟಳು. ಫಲಕವನ್ನೂ ನೋಡಲಿಲ್ಲ.

ಮಧ್ಯಾಹ್ನವೇ ಬಾಡಿಗೆ ಕಾರಿನಲ್ಲಿ ಸುತ್ತುದಾರಿ ಹಿಡಿದೆವು. ನಾನು ಮುಂದಿನ ಸೀಟಿನಲ್ಲಿ, ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತ. ಹಿಂದೆ ತಾಯಿ ಮಗಳು. ಆ ರಸ್ತೆ ಗುಡ್ಡ ಹತ್ತುತ್ತ ನದಿಯ ಮಗ್ಗುಲಲ್ಲೇ ಹೋಗುತ್ತದೆ; ಇಂದಿಗೂ ನಾಲ್ಕು ಗಂಟೆಯೇ. ಎಷ್ಟು ದೂರ ಬಂದರೂ ಸೇತುವೆ ಕಾಣುತ್ತಲೇ ಇತ್ತು, ಖಾಲಿಯಾಗಿ, ನೆಟ್ಟಗೆ. ಹೊರಟು ಒಂದು ಗಂಟೆಯಾಗುವಷ್ಟರಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡಳು.

"ಅಮ್ಮ," ಎಂದಳು ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯಾಚೆ ನೋಡುತ್ತ. "ಸೇತುವೆ ಇನ್ನೂ ನಿಂತೇ ಇದೆಯಲ್ಲ."

"ಹೂಂ, ನಿಂತಿದೆ." ಗಾಜಕ್ಕ ಅತ್ತ ತಿರುಗಲಿಲ್ಲ. ಮಗಳ ಕೈ ಹಿಡಿದು ಗಡಿಯಾರ ನೋಡುತ್ತಿದ್ದಳು. "ಹೋದ ಸಲ ನೋವು ಬಂದಿದ್ದು ಯಾವಾಗ, ಅದನ್ನ ಹೇಳು."