ಏಕಾದಶಿಯ ಪುಣ್ಯವಂತ

ಅಲ್ಲ ಸ್ವಾಮಿ, ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಯಾರಾದರೂ "ಎಂಥಾ ಭಾಗ್ಯ" ಅಂತಾರೇನ್ರೀ? ಬಸವನಗುಡಿಯಲ್ಲಿ ಅಂತಾರೆ. ಆಂಡಾಳಮ್ಮನ ಗಂಡ ರಾಮಸ್ವಾಮಿ ವೈಕುಂಠ ಏಕಾದಶಿಯ ಬೆಳಗ್ಗೆ ದೇವರಮನೆ ಮುಂದೆ ಕೂತಲ್ಲೇ ಕುಸಿದು ತೀರಿಕೊಂಡರು. ಅವತ್ತಿನಿಂದ ಮನೆಗೆ ಬಂದವರದೆಲ್ಲ ಒಂದೇ ರಾಗ: "ಪುಣ್ಯವಂತರು ಕಣ್ರೀ! ವೈಕುಂಠದ ಬಾಗಿಲು ತೆರೆದ ದಿನವೇ ಹೋದ್ರು. ನೀವು ಅಳಬಾರದು."

ಆಂಡಾಳಮ್ಮ ಅಳಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿಕೊಂಡು, ಪುಣ್ಯ ಅಂದವರಿಗೆಲ್ಲ ತಲೆಯಾಡಿಸಿಕೊಂಡು ದಿನ ತಳ್ಳಿದರು. ಒಂದು ಮಧ್ಯಾಹ್ನ ಯಾವುದೋ ಹುಡುಗಿ, "ಮಿಸ್, ನೀರು ಕುಡಿದು ಬರ್ಲಾ?" ಎಂದು ಕೇಳಿದ್ದೇ ತಡ, ಕೈಲಿದ್ದ ಡಸ್ಟರನ್ನು ಗೋಡೆಗೆ ಬೀಸಿ ಒಗೆದರು. ಪಾಪ, ಹುಡುಗಿ ಕ್ಲಾಸಿನಿಂದ ಹೊರಗೆ ಓಡಿಹೋಯಿತು. ಹೆಡ್‌ಮಿಸ್ ಕರೆದು, "ಯಾರಾದ್ರೂ ಕೌನ್ಸೆಲರ್ ಹತ್ರ ಹೋಗಿ ಮೇಡಂ, ಸರಿಹೋಗೋವರೆಗೂ ಕ್ಲಾಸಿಗೆ ಬರೋದು ಬೇಡ" ಅಂದರು.

ಆಂಡಾಳಮ್ಮನಿಗೂ ಬೇಕಾಗಿದ್ದು ಅದೇ. ಗಂಟಲಲ್ಲಿ ಒಂದು ಮಾತು ಸಿಕ್ಕಿಕೊಂಡು ಕೂತಿತ್ತು. ಪುಣ್ಯ ಅನ್ನದ ಒಬ್ಬರ ಮುಂದೆ ಅದನ್ನು ಆಡಿಬಿಡಬೇಕಿತ್ತು. ಆದರೆ ಅಂಥ ಒಂದು ಪ್ರಾಣಿ ಈ ಊರಲ್ಲಿ ಸಿಗಬೇಕಲ್ಲ!

ಮೊದಲು ಮೊಬೈಲಿನಲ್ಲಿ ಒಬ್ಬಳು ಕೌನ್ಸೆಲರ್ ಸಿಕ್ಕಳು. ಬರೀ ಇಂಗ್ಲಿಷು. ಇವರು ಬಾಯಿ ತೆರೆದಾಗಲೆಲ್ಲ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಅಂತಾಳೆ. ಉಸಿರಾಡೋದು ಗೊತ್ತಿಲ್ಲದೆಯೇ ಇಷ್ಟು ವರ್ಷ ಬದುಕಿದ್ದಾರಾ ಇವರು?

ಆಮೇಲೆ ಮಲ್ಲೇಶ್ವರದ ಒಬ್ಬ ಹಿರಿಯ ಡಾಕ್ಟರು. "ಒಬ್ರೇ ಹೇಗೆ ಹೋಗ್ತೀರಿ ಅತ್ತಿಗೆ" ಎಂದು ಮೈದುನ ರಾಘವ ಜೊತೆಗೆ ಅಂಟಿಕೊಂಡ. ಡಾಕ್ಟರು ಕೇಳಿದ ಪ್ರಶ್ನೆಗೆಲ್ಲ ಅವನದೇ ಉತ್ತರ. "ನಿದ್ದೆ ಬರಲ್ಲ ಡಾಕ್ಟ್ರೇ. ಊಟ ಸೇರಲ್ಲ. ಅಣ್ಣ ಹೋಗಿದ್ದು ವೈಕುಂಠ ಏಕಾದಶಿ ದಿನ." ಅಷ್ಟು ಕೇಳಿದ್ದೇ ಡಾಕ್ಟರು ಕನ್ನಡಕ ತೆಗೆದು ಕೈಮುಗಿದರು! "ಆಹಾ, ಪುಣ್ಯಾತ್ಮರು." ಆಂಡಾಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಇನ್ನು ಯಾರ ಮನೆ ಬಾಗಿಲಿಗೂ ಸುಮ್ಮನೆ ಹೋಗೋದಿಲ್ಲ ಅಂತ ಹಟ ಹಿಡಿದು, ಕೌನ್ಸೆಲರುಗಳಿಗೆ ಫೋನಿನಲ್ಲೇ ಪರೀಕ್ಷೆ ಶುರುಮಾಡಿದರು. "ನಮ್ಮ ಯಜಮಾನರು ವೈಕುಂಠ ಏಕಾದಶಿ ದಿನ ತೀರಿಕೊಂಡ್ರು. ನೀವೇನಂತೀರಿ?" ಒಬ್ಬರು ಒಳ್ಳೇ ಸಾವು ಅಂದರು. ಕಟ್. ಇನ್ನೊಬ್ಬರು ಎಲ್ಲಾ ದೇವರಿಚ್ಛೆ ಅಂದರು. ಅದೂ ಕಟ್. ಚಾಮರಾಜಪೇಟೆಯ ವಿನುತಾ ಅನ್ನೋ ಹುಡುಗಿ ಮಾತ್ರ, "ಅಯ್ಯೋ! ಏನಾಗಿತ್ತಮ್ಮ ಅವರಿಗೆ?" ಎಂದು ಕೇಳಿದಳು.

ಆಂಡಾಳಮ್ಮ ಈ ಸಲ ಕಟ್ ಮಾಡಲಿಲ್ಲ, ವಿಳಾಸ ಬರೆದುಕೊಂಡರು. ಇಷ್ಟು ಜನರಲ್ಲಿ ಇದನ್ನು ಒಬ್ಬರಾದರೂ ಕೇಳಿರಲಿಲ್ಲ.

ಮಾರನೆಯ ದಿನ ರಾಘವನಿಗೆ ಹೇಳದೆ ಆಟೋ ಹಿಡಿದು ಒಬ್ಬರೇ ಹೋದರು. ಅಂಗಡಿ ಮೇಲಿನ ಪುಟ್ಟ ಕೋಣೆ, ಎದುರುಬದುರು ಎರಡು ಕುರ್ಚಿ. ವಿನುತಾ ಮತ್ತದೇ ಪ್ರಶ್ನೆ ಕೇಳಿದಳು.

"ಹಾರ್ಟ್ ತೊಂದ್ರೆ ಇತ್ತಮ್ಮ. ದಿನಾ ಬೆಳಗ್ಗೆ ಮಾತ್ರೆ ನುಂಗಲೇಬೇಕು. ಹಿಂದಿನ ದಿನದಿಂದಲೇ ಎದೆ ಹಿಡ್ಕೊಂಡಂಗಿದೆ ಅಂತಿದ್ರು. ನಾನು ಮಾತ್ರೆ, ನೀರು ಹಿಡ್ಕೊಂಡು ಮುಂದೆ ನಿಂತಿದ್ದೆ. ಬೇಡ ಅಂದ್ರು. ಏಕಾದಶಿಯಂತೆ, ನಿರ್ಜಲ ಉಪವಾಸವಂತೆ, ನಾಳೆ ಪಾರಣೆ ಆದ್ಮೇಲೆ ನುಂಗ್ತಾರಂತೆ."

ವಿನುತಾ ಮೆಲ್ಲಗೆ ಕೇಳಿದಳು, "ಅವರ ಮೇಲೆ ಕೋಪ ಇದೆಯಾಮ್ಮ?"

"ಪುಣ್ಯವಂತರ ಮೇಲೆ ಕೋಪ ಮಾಡ್ಕೋಬಹುದಾ?"

"ಗಂಡನ ಮೇಲೆ ಮಾಡ್ಕೋಬಹುದಲ್ಲಮ್ಮ."

ಆಂಡಾಳಮ್ಮನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕಿತ್ತುಕೊಂಡು ಬಂತು. ವಿನುತಾ ಎದುರಿಗಿದ್ದಾಳೆ ಅನ್ನುವುದೂ ಮರೆತುಹೋಯಿತು.

"ಏನ್ರೀ, ಎರಡು ಗುಟುಕು ನೀರು ಕುಡಿದಿದ್ರೆ ಆ ಬಾಗಿಲು ಮುಚ್ಚಿಹೋಗ್ತಿತ್ತಾ? ಲೋಟ ಹಿಡ್ಕೊಂಡು ನಿಂತಿದ್ದೆನಲ್ರೀ ನಾನು!"

ಹಾಗೆ ಕೂಗಿ, ಸೆರಗು ಬಾಯಿಗೆ ಒತ್ತಿಕೊಂಡು, ಆಂಡಾಳಮ್ಮ ಬಿಕ್ಕಿಬಿಕ್ಕಿ ಅತ್ತರು. ಅಳಬೇಡಿ ಅಂತ ವಿನುತಾ ಹೇಳಲಿಲ್ಲ.